ಹಕ್ಕಿನ ಕರಪತ್ರ: ತಯಾರಿಕೆ ಮತ್ತು ಬಳಕೆಯ ಕೈಪಿಡಿ

ಬಂಧಿತರ ಹಕ್ಕುಗಳ ಬಗ್ಗೆ ಹಳ್ಳಿ ಜನರಲ್ಲಿ ಅರಿವು ಮೂಡಿಸಿದೆವು ಎಂದು ಮೇಲಿನವರಿಗೆ ವರದಿ ಕಳಿಸಬೇಕಾದ ಎಲ್ಲರಿಗೂ ಈ ಕೈಪಿಡಿ. ನಿಜಕ್ಕೂ ಅರಿವು ಮೂಡಿಸಬೇಕೆಂದಿರುವವರು ನೇರ ಕೊನೆಯ ಭಾಗಕ್ಕೆ ಹೋಗಬಹುದು. ಮುಂದಿನದಕ್ಕೆ ಅವರೇ ಹೊಣೆ.

ಹಿನ್ನೆಲೆ

1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಮುಂದಿಟ್ಟು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿ ಮಾಡಿಕೊಂಡು, 1996ರ ಡಿಸೆಂಬರಿನಲ್ಲಿ, ಯಾರನ್ನೇ ಬಂಧಿಸುವಾಗಲೂ ಪೊಲೀಸರು ಪಾಲಿಸಬೇಕಾದ 11 ಸೂಚನೆಗಳನ್ನು ಕೊಟ್ಟಿತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಆರಾಮಾಗಿರುತ್ತಿದ್ದೆವು. ಇವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವ ಕಡೆ ಹಾಕಲೇಬೇಕು, ಆಕಾಶವಾಣಿ, ದೂರದರ್ಶನದಲ್ಲಿ ಹೇಳಿಸಿ, ಸ್ಥಳೀಯ ಭಾಷೆಯಲ್ಲಿ ಕರಪತ್ರ ಹಂಚಿದರೆ ಒಳ್ಳೆಯದು ಎಂದೂ ತೀರ್ಪಿನಲ್ಲಿ ಬರೆದುಬಿಟ್ಟಿತು. ನಮ್ಮ ಪಜೀತಿ ಶುರುವಾದದ್ದು ಅಲ್ಲಿಂದ.

ಫಲಕದ ಅಳವಡಿಕೆ

ಎದ್ದು ಕಾಣಬೇಕು ಸರಿ, ಯಾರ ಕಣ್ಣಿಗೆ ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಿ. ಹಿಡಿದು ತಂದವರನ್ನು ರೈಟರ್ ಮೇಜಿನ ಪಕ್ಕ, ಗೋಡೆಗೆ ಒರಗಿಸಿ, ನೆಲದ ಮೇಲೆ ಕೂರಿಸುವುದು ರೂಢಿ. ಫಲಕ ಅದೇ ಗೋಡೆಗೆ, ಅವರ ತಲೆಯ ಮೇಲೆಯೇ ಇರಲಿ. ಅದರ ಮುಂದೆ ಹಳೆ ಕಡತಗಳ ಕಬ್ಬಿಣದ ಬೀರು ನಿಲ್ಲಿಸಿದರೆ ಶೀರ್ಷಿಕೆ ಮಾತ್ರ ಕಾಣುತ್ತದೆ. ಫೋಟೊ ತೆಗೆಯಲು ಅಷ್ಟು ಸಾಕು.

ಕರಪತ್ರದ ಭಾಷೆ

ಈ ಮಾದರಿ ಅನುಸರಿಸಿ: ‘ಬಂಧನದ ಸಮಯದಲ್ಲಿ ಬಂಧನಾಧಿಕಾರಿಯು ಸದರಿ ಬಂಧನಕ್ಕೆ ಸಂಬಂಧಿಸಿದ ಜ್ಞಾಪನ ಪತ್ರವನ್ನು ಸಿದ್ಧಪಡಿಸತಕ್ಕದ್ದು ಹಾಗೂ ಸದರಿ ಜ್ಞಾಪನ ಪತ್ರವು ಕನಿಷ್ಠ ಓರ್ವ ಸಾಕ್ಷಿಯಿಂದ ದೃಢೀಕರಿಸಲ್ಪಟ್ಟಿರತಕ್ಕದ್ದು.’ ಇದನ್ನು ಒಂದೇ ಉಸಿರಿಗೆ ಓದಿ ಅರ್ಥಮಾಡಿಕೊಳ್ಳುವಷ್ಟು ಓದಿದವರಿಗೆ ಠಾಣೆಯಲ್ಲಿ ಹೇಗೂ ಕುರ್ಚಿ ಸಿಗುತ್ತದೆ.

ಹೀಗೆ ಮಾತ್ರ ಬರೆಯಬೇಡಿ: ‘ಹಿಡ್ಕೊಂಡು ಹೋಗುವಾಗ ಪೊಲೀಸರು ಚೀಟಿ ಬರೀಬೇಕು. ಅದರಲ್ಲಿ ತಾರೀಕು, ಟೈಮು ಇರಬೇಕು. ಮನೆಯವರೋ ಊರಿನ ಮರ್ಯಾದಸ್ಥರೊಬ್ಬರೋ ಸಾಕ್ಷಿ ಸೈನು ಹಾಕಬೇಕು. ಹಿಡಿಯೋ ಪೊಲೀಸರ ಹೆಸರಿನ ಬಿಲ್ಲೆ ಎದ್ದು ಕಾಣಬೇಕು.’

ಇದರಲ್ಲಿ ಅತಿ ಅಪಾಯಕಾರಿ ಭಾಗ ಟೈಮು. ಚೀಟಿಯಲ್ಲಿ ಅದೊಂದು ಬಿತ್ತೆಂದರೆ, ಅಲ್ಲಿಂದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಸಂವಿಧಾನದ 22ನೇ ವಿಧಿ ಹೇಳುವುದು ಅದನ್ನೇ. ಚೀಟಿಯೇ ಇಲ್ಲದಿದ್ದರೆ ಬುಧವಾರ ತಂದವನನ್ನು ಶುಕ್ರವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆವು ಎನ್ನಬಹುದು. ನಡುವಿನ ಎರಡು ರಾತ್ರಿ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆಗುವುದೆಲ್ಲ ಆಗುವುದು ಆ ಎರಡು ರಾತ್ರಿಗಳಲ್ಲೇ ಎಂಬುದು ಲಾಕಪ್ ಸಾವಿನ ಪ್ರಕರಣ ನಡೆಸಿದ ಯಾವ ವಕೀಲರಿಗಾದರೂ ಗೊತ್ತು.

ಕಸ್ಟಡಿಯಲ್ಲಿರುವವರಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕು, ಹೆಂಗಸರಿಗೂ ಹಾಗೆಯೇ. ಇದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮಾತು. ಇದಕ್ಕೆ ಫೋನ್ ಮಾಡುವ ನಂಬರ್ 15100. ಅಚ್ಚು ಹಾಕಿಸದೆ ವಿಧಿಯಿಲ್ಲವಾದ್ದರಿಂದ ಕಾಗದ ಮಡಚುವ ಗೆರೆಯ ಮೇಲೆ ಬರುವಂತೆ ಡಿಟಿಪಿಯವನಿಗೆ ಹೇಳಿ.

ಹಂಚಿಕೆ

ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಶಾಮಿಯಾನ, ಫ್ಲೆಕ್ಸು, ಶಾಲು, ಹಾರ. ಕರಪತ್ರವನ್ನು ಉಪ್ಪಿಟ್ಟು ಬಡಿಸುವ ಹೊತ್ತಿಗೆ ಸರಿಯಾಗಿ ಹಂಚಿ. ಉಳಿದದ್ದು ಕೈ ಒರೆಸಿಕೊಳ್ಳುವವರು ನೋಡಿಕೊಳ್ಳುತ್ತಾರೆ.

ದೋಷ ನಿವಾರಣೆ

ದೋಷ: ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಯೊಬ್ಬರು ಎದ್ದು, ‘ನನ್ ಮಗನ್ನ ಆವತ್ತು ಕರ್ಕೊಂಡು ಹೋದ್ರಲ್ಲ ಸ್ವಾಮಿ, ಯಾವ ಚೀಟೀನೂ ಕೊಡ್ಲಿಲ್ವಲ್ಲ?’ ಎಂದು ಕೇಳುತ್ತಾರೆ. ಪರಿಹಾರ: ‘ಪ್ರಶ್ನೋತ್ತರ ಕೊನೆಯಲ್ಲಿ ಇದೆ ಅಜ್ಜಿ, ಕೂತ್ಕೊಳ್ಳಿ’ ಎಂದು ಹೇಳಿ ವಂದನಾರ್ಪಣೆಗೆ ಕರೆಯಿರಿ.

ವಾರಂಟಿ ರದ್ದಾಗುವ ಸಂದರ್ಭಗಳು

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೇಲಿನ ಆ ನಾಲ್ಕು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಲಿನ ಡೇರಿಯ ಬಾಗಿಲಿಗೆ ಅಂಟಿಸಿದರೆ. ಯಾರೋ ಅದನ್ನು ಊರಿನ ಮಾತಿನಲ್ಲೇ ಓದಿ ವಾಟ್ಸ್ಯಾಪ್ ಗುಂಪಿಗೆ ಆಡಿಯೊ ಹಾಕಿದರೆ. ಓದುಬರಹ ಬಾರದವರೂ ಕೇಳಿಸಿಕೊಂಡರೆ. ಊರಿನ ಹುಡುಗರು ಬೀದಿನಾಟಕ ಕಟ್ಟಿ, ಪೊಲೀಸ್ ವೇಷದವನಿಗೆ ‘ಟೈಮು ಬರ್ಕೊಡಿ ಸಾರ್’ ಎಂದು ಎಲ್ಲರೂ ಒಟ್ಟಾಗಿ ಕೂಗುವುದನ್ನು ಅಭ್ಯಾಸ ಮಾಡಿಸಿದರೆ. ನಾಟಕದಲ್ಲಿ ಒಮ್ಮೆ ಕೂಗಿದ ಬಾಯಿಗೆ ಠಾಣೆಯ ಮೆಟ್ಟಿಲ ಮೇಲೆ ಅಷ್ಟು ಅಂಜಿಕೆಯಾಗುವುದಿಲ್ಲ, ನೆನಪಿರಲಿ.

ಇಷ್ಟಾದ ಮೇಲೆ ಒಂದು ರಾತ್ರಿ ಜೀಪು ಬಂದಾಗ ಅದೇ ಅಜ್ಜಿ ಪಕ್ಕದ ಮನೆಯ ಮೇಷ್ಟ್ರನ್ನು ಎಬ್ಬಿಸಿಕೊಂಡು ಬಂದು, ‘ಸಾಕ್ಷಿಗೆ ಇವರವ್ರೆ. ಚೀಟಿ ಬರೀರಿ. ಈಗ ಹತ್ತೂ ಕಾಲು’ ಎಂದರೆ ಕಂಪನಿ ಜವಾಬ್ದಾರಿಯಲ್ಲ.