ಸಂದಿನ ಸಮಾಚಾರ

ಮನೆ ಕಟ್ಟಿಸುವವರಿಗೆ ಇಟ್ಟಿಗೆಯ ಲೆಕ್ಕ ನಿದ್ದೆಯಲ್ಲೂ ತಪ್ಪುವುದಿಲ್ಲ. ಎಷ್ಟು ಲೋಡು ಬಂತು, ಇಳಿಸುವಾಗ ಎಷ್ಟು ಒಡೆಯಿತು, ಪಕ್ಕದ ಸೈಟಿನವರು ಒಲೆ ಹೂಡಲು ಎಷ್ಟು ಎತ್ತಿಕೊಂಡು ಹೋದರು, ಎಲ್ಲ ಬಾಯಿಪಾಠ. ಸಂದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮಾನದಂಡದ ಇಟ್ಟಿಗೆ 190 ಮಿಲಿಮೀಟರ್ ಉದ್ದ, 90 ಅಗಲ, 90 ಎತ್ತರ. 10 ಮಿಲಿಮೀಟರ್ ಗಾರೆ ಸೇರಿದರೆ 200, 100, 100. ಗುಣಿಸಿ ನೋಡಿ: ಗೋಡೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಬರೀ ಸಂದು!

ಮೇಸ್ತ್ರಿಗೆ ಇದು ಗೊತ್ತು. ಬಾಂಡ್ಲಿಯಿಂದ ಒಂದು ಕರಣೆ ಗಾರೆ ಹಾಕಿ ಹರವುತ್ತಾನೆ, ನೆನೆದ ಇಟ್ಟಿಗೆ ಇಟ್ಟು ಕರಣೆಯ ಹಿಡಿಯಿಂದ ಕುಟ್ಟುತ್ತಾನೆ, ಅಂಚಿನಲ್ಲಿ ಉಬ್ಬಿ ಬಂದದ್ದನ್ನು ಸವರಿ ಮುಂದಿನ ಇಟ್ಟಿಗೆಯ ಕೆನ್ನೆಗೆ ಬಳಿಯುತ್ತಾನೆ. ಸಂದಿನ ಮೇಲೆ ಸಂದು ಬರುವಂತಿಲ್ಲ. ಗೂಡಿನಲ್ಲಿ ಬೆಂದು ಒಂದು ಕುಗ್ಗಿ, ಇನ್ನೊಂದು ಸೊಟ್ಟಗಾಗಿ ಬಂದ ಇಟ್ಟಿಗೆಗಳನ್ನೆಲ್ಲ ದಾರದ ಮಟ್ಟಕ್ಕೆ ತರುವುದೂ ಈ ಸಂದಿನ ಪಾಲಿನ ಕೆಲಸವೇ, ಅತ್ತೆಗೂ ಸೊಸೆಗೂ ನಡುವೆ ಸಿಕ್ಕಿಕೊಂಡ ಮಗನ ಹಾಗೆ. ವಕ್ರ ಜಾಸ್ತಿಯಾದರೆ ಇದ್ದೇ ಇದೆಯಲ್ಲ ಮೇಸ್ತ್ರಿಗಳ ಮಹಾಮಂತ್ರ: “ಪ್ಲಾಸ್ಟರಿಂಗಲ್ಲಿ ಮುಚ್ಚೋಗುತ್ತೆ ಬಿಡಿ ಸಾರ್.”

ಯಜಮಾನರ ಮಂತ್ರ ಬೇರೆ: “ಇನ್ನೊಂದು ಬಾಂಡ್ಲಿ ಸಿಮೆಂಟು ಹಾಕಪ್ಪ, ಗಟ್ಟಿಯಾಗಿರಲಿ.” ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೇ ಕಷ್ಟ. ಪಾಯ ಒಂದಿಷ್ಟು ಕುಸಿದಾಗ ಮೆತ್ತನೆಯ ಗಾರೆಯ ಗೋಡೆ ಸಂದಿನಗುಂಟ ಮೆಟ್ಟಿಲು ಮೆಟ್ಟಿಲಾಗಿ ಬಿರಿಯುತ್ತದೆ, ಕೆರೆದು ತುಂಬಿದರಾಯಿತು. ಗಾರೆ ಹಟಮಾರಿಯಾದರೆ ಸೀಳುವುದು ಇಟ್ಟಿಗೆ. ಹಳೆಯ ಸುಣ್ಣದ ಗಾರೆಗೆ ಆ ಜಂಬವಿರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ವರ್ಷಗಟ್ಟಲೆ ನಿಧಾನವಾಗಿ ಗಟ್ಟಿಯಾಗುವ ಪದಾರ್ಥ ಅದು.

ವಿಜಯಪುರದ ಗೋಲಗುಮ್ಮಟಕ್ಕೆ ಹೋದವರು ಒಂದು ಸಲ ಕೂಗಿ, ಏಳು ಸಲ ಕೇಳಿಸಿಕೊಂಡು, ಮಂಡಕ್ಕಿ ತಿಂದು ಬರುತ್ತಾರೆ. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟ ನಿಂತಿರುವುದು ಇಟ್ಟಿಗೆಯ ಅಡ್ಡ ವರಸೆಗಳು ಮತ್ತು ನಡುವೆ ಧಾರಾಳವಾಗಿ ತುಂಬಿದ ಸುಣ್ಣದ ಗಾರೆಯ ಮೇಲೆ. ಗಾರೆಯ ಚಿಪ್ಪಿನಲ್ಲಿ ಇಟ್ಟಿಗೆ ಹುದುಗಿಸಿದ್ದಾರೆ ಎಂದರೂ ನಡೆದೀತು. 17ನೇ ಶತಮಾನದ ಆ ಮೇಸ್ತ್ರಿಗಳು ಸಂದಿನಲ್ಲಿ ಜಿಪುಣತನ ಮಾಡಲಿಲ್ಲ.

ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹೊಸ ಶೋಕಿ. ನಿಜವಾದ ಸಂದುಗಳನ್ನು ಪ್ಲಾಸ್ಟರ್ ಬಳಿದು ಮುಚ್ಚಿ, ಅದರ ಮೇಲೆ ಇಟ್ಟಿಗೆಯ ಮುಖದ ತೆಳ್ಳನೆಯ ಟೈಲ್ಸ್ ಅಂಟಿಸಿ, ನಡುವೆ ಸುಳ್ಳು ಸಂದು ಬಿಡಿಸುತ್ತಾರೆ. ನೆಂಟರೊಬ್ಬರ ಹಾಲಿನಲ್ಲಿ ಸಂದಿನ ಮೇಲೆ ಸಂದು ನೆಟ್ಟಗೆ ಸೂರಿನವರೆಗೂ ಹೋಗಿದೆ. ನಲ್ಲಿ ರಿಪೇರಿಯ ಗಾರೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಇಷ್ಟೇ: “ಚದರಡಿಗೆ ಎಷ್ಟು ಬಿತ್ತು ಸಾರ್?”