ಲಾಸ್ಟ್ ಪ್ರೈಸ್ ಹೇಳಿ ಗುರೂ

ಸ್ವಲ್ಪ ಹತ್ತಿರ ಬನ್ನಿ, ಗುಟ್ಟಾಗಿ ಒಂದು ಮಾತು ಕೇಳ್ಬೇಕು. ಭಾನುವಾರ ಬೆಳಿಗ್ಗೆ ತರಕಾರಿ ತರ್ತೀನಿ ಅಂತ ಚೀಲ ಹಿಡ್ಕೊಂಡು ಮನೆ ಬಿಟ್ಟೋರು ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಸಂಡೇ ಬಜಾರಲ್ಲಿ ಏನ್ ಮಾಡ್ತಿದ್ರಿ? ಫುಟ್‌ಪಾತಲ್ಲಿ ಹಾಸಿದ ಟಾರ್ಪಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸತ್ತ ರಿಮೋಟು, ಒಂಟಿ ಸ್ಪೀಕರು, ಮಿಕ್ಸಿ ಮೋಟಾರುಗಳ ರಾಶಿಗೆ ಕೈ ಹಾಕಿ ಕೆದಕ್ತಿದ್ದೋರು ನೀವೇ ತಾನೆ? ಸುಳ್ಳು ಹೇಳ್ಬೇಡಿ. ತಳದಿಂದ ಹಳದಿ ಬಣ್ಣದ ವಿಡಿಯೋ ಗೇಮ್ ಕ್ಯಾಸೆಟ್ಟು ಎದ್ದು ಬಂದಾಗ ನಿಮ್ಮ ಮುಖ ಅರಳಿದ್ದನ್ನ ನಾನು ನೋಡಿದೀನಿ.

ಅರಳಿದ ಮುಖಾನ ಮರುಕ್ಷಣವೇ ಬಾಡಿಸಿಕೊಂಡ್ರಲ್ಲ, ಆಹಾ, ಅದಕ್ಕೆ ಪ್ರಶಸ್ತಿ ಕೊಡ್ಬೇಕು. 'ಇದೇನಪ್ಪಾ, ಕೆಲ್ಸ ಮಾಡುತ್ತೋ ಇಲ್ವೋ' ಅಂತ ಮೂಗು ಮುರಿದು ಪಕ್ಕಕ್ಕಿಟ್ರಿ. ಬೇಡದ ಚಾರ್ಜರಿಗೆ ರೇಟು ಕೇಳಿದ್ರಿ. ಎದ್ದು ಎರಡು ಹೆಜ್ಜೆ ಹಾಕಿ, ಏನೋ ಆಗ ನೆನಪಾದವರ ಹಾಗೆ ತಿರುಗಿ, 'ಅಂದಹಾಗೆ ಆ ಕ್ಯಾಸೆಟ್ಟು ಎಷ್ಟಕ್ಕೆ ಬಿಡ್ತೀಯ?' ಅಂದ್ರಿ. 'ಮುನ್ನೂರು ಸಾರ್.' 'ನೂರು.' ಅವನು ಬೀಡಿ ಪಕ್ಕಕ್ಕಿಟ್ಟು ನಕ್ಕ. 'ಸಾರ್, ಚಾರ್ಜರು ನಿಮಗೆ ಬೇಡ ಅಂತ ನಂಗೂ ಗೊತ್ತು. ಇನ್ನೂರೈವತ್ತು ಕೊಟ್ಟು ತಗೊಂಡೋಗಿ.'

ಕೊಟ್ರಿ. (ಸೊಪ್ಪಿನಮ್ಮನ ಹತ್ರ ಮಾತ್ರ ಐದು ರೂಪಾಯಿಗೆ ಐದು ನಿಮಿಷ ಗುದ್ದಾಡಿದ್ರಿ. ಅದನ್ನೂ ನೋಡಿದೆ, ಬಿಡಿ.) ಮೆಂತ್ಯ ಸೊಪ್ಪಿನ ಕಟ್ಟಿನ ಕೆಳಗೆ ಕ್ಯಾಸೆಟ್ಟು ಮನೆ ಸೇರ್ತು. ಅದರ ಮೇಲೆ ಬರೆದಿದ್ದು ಏನು ಗೊತ್ತಲ್ಲ? '9999999-ಇನ್-1'. ತೊಂಬತ್ತೊಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಆಟ, ಒಂದೇ ಡಬ್ಬಿಯಲ್ಲಿ!

ಚಿಕ್ಕೋರಿದ್ದಾಗ ಇದನ್ನ ನಂಬಿದ್ರಿ ಅಲ್ವಾ? ಒಂದು ಬೇಸಿಗೆ ರಜೆ ಪೂರ್ತಿ ಲಿಸ್ಟು ಕೆಳಗೆ ಸರಿಸ್ತಾ ಹೋಗಿ, ಮೂವತ್ತನೇ ಆಟವೂ ಮಾರಿಯೋನೇ, ಎಪ್ಪತ್ತನೇ ಆಟವೂ ಮಾರಿಯೋನೇ ಅಂತ ಪತ್ತೆ ಹಚ್ಚಿದ್ರಿ. ಅಲ್ಲಿದ್ದಿದ್ದು ಬೆರಳೆಣಿಕೆಯ ಆಟ. ಹೆಸರು ಬೇರೆ, ಶುರುವಾಗೋ ಲೆವೆಲ್ಲು ಬೇರೆ, ಅಷ್ಟೇ. ಈಗ ಅದೇ ಸುಳ್ಳಿಗೆ ಇನ್ನೂರೈವತ್ತು ರೂಪಾಯಿ, ಅದೂ ಗೊತ್ತಿದ್ದೂ ಗೊತ್ತಿದ್ದೂ!

ನಿಮ್ಮದೂ ತಪ್ಪಿಲ್ಲ ಬಿಡಿ. ನಿಂಟೆಂಡೋ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಕೆಂಪು-ಬಿಳಿ ಪೆಟ್ಟಿಗೆ ಬಿಟ್ಟಿದ್ದು 1983ರ ಜುಲೈನಲ್ಲಿ. ನಮ್ಮ ಬೀದಿಗಳಿಗೆ ಬಂದಿದ್ದೆಲ್ಲ ಬಹುಪಾಲು ಅದರ ನಕಲು ಸಂತಾನ. ಅಸಲಿ ಮಾಲೇ ಬೇಕು ಅಂದೋರಿಗೂ ದಾರಿಯಿತ್ತು. 1995ರಲ್ಲಿ ಶಾ ವ್ಯಾಲೇಸ್ ಕಂಪನಿ (ಹೌದ್ರಿ, ಅದೇ ವಿಸ್ಕಿಯೋರು) ಸೆಗಾ ಮೆಗಾ ಡ್ರೈವ್ ಮಾರೋಕೆ ಹೊರಟಿತು. ಬೆಲೆ 18,000 ರೂಪಾಯಿ. ಆಗ ನಿಮ್ಮಪ್ಪನ ಸಂಬಳ ಎಷ್ಟಿತ್ತು? ಕೇಳಿದ್ರಾ ಅವರನ್ನ? ಕೇಳಿದ್ರೆ ಏನು ಸಿಗ್ತಿತ್ತು ಅಂತ ಗೊತ್ತಿದ್ದಕ್ಕೇ ಬಾಯಿ ಮುಚ್ಕೊಂಡು ನಕಲಿಯಲ್ಲಿ ಮಾರಿಯೋನ ಕುಣಿಸಿದ್ರಿ.

ಆ ಮಾರಿಯೋ ಎಷ್ಟು ದೊಡ್ಡದು ಹೇಳಿ ನೋಡೋಣ? 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಕ್ಯಾಸೆಟ್ಟಿನಲ್ಲಿ ಇರೋದು ಬರೀ 40 ಕಿಲೋಬೈಟು. ಎಂಟು ಲೋಕ, ಕೋಟೆ, ಕೊಳಾಯಿ, ಹಾಡು, ರಾಜಕುಮಾರಿ, ಎಲ್ಲಾ ಸೇರಿ! ನಿಮ್ಮ ಮಾವ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಲ್ಲಿ ಕಳಿಸೋ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ತೂಕದ್ದು. ಜಾಗ ಉಳಿಸೋಕೆ ಆಟ ಮಾಡಿದೋರು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದಾರೆ. ಮೇಲಿದ್ದಾಗ ಬಿಳಿ ಬಣ್ಣ, ಕೆಳಗಿದ್ದಾಗ ಹಸಿರು. ಇಷ್ಟು ವರ್ಷ ಆಡಿದ್ರಲ್ಲ, ಗಮನಿಸಿದ್ರಾ? ಇಲ್ಲ. ಬೀಳೋದರಲ್ಲೇ ಬ್ಯುಸಿ ಇದ್ರಿ.

ಈಗ ಕ್ಯಾಸೆಟ್ಟು ಹಾಕಿದ್ರಿ. ಟಿವಿ ತುಂಬಾ ಚೌಕಚೌಕ ಕಸ. ತಕ್ಷಣ ಏನು ಮಾಡಿದ್ರಿ? ಹೊರಗೆ ತೆಗೆದು ಬುಡಕ್ಕೆ ಫೂ ಅಂತ ಊದಿದ್ರಿ. ಯಾರು ಕಲಿಸಿದ್ದು? ಯಾರೂ ಇಲ್ಲ. ಬೆಂಗಳೂರು, ಬಳ್ಳಾರಿ, ಭಟ್ಕಳ ಎಲ್ಲಾ ಕಡೆ ಮಕ್ಕಳು ಹೇಳಿಕೊಡದೇನೇ ಊದಿದ್ದಾರೆ, ಅಮೆರಿಕದ ಮಕ್ಕಳೂ ಊದಿದ್ದಾರೆ. ಆದ್ರೆ ಕೇಳಿ, ಆಟ ಶುರುವಾಗ್ತಿದ್ದಿದ್ದು ನಿಮ್ಮ ಉಸಿರಿನ ಮಹಿಮೆಯಿಂದಲ್ಲ. ತೆಗೆದು ಮತ್ತೆ ಕೂರಿಸಿದಾಗ ಪಿನ್ನುಗಳು ಸರಿಯಾಗಿ ತಾಗ್ತಿದ್ವು. ಉಗುಳಿನ ಪಸೆಯಿಂದ ಕಿಲುಬು ಹಿಡಿದಿದ್ದೊಂದೇ ಲಾಭ.

ಊದಬೇಡಿ ಅಂತ ನಿಂಟೆಂಡೋನೇ ಹೇಳಿದೆ. ಎಸ್‌ಪಿ ರೋಡಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಣ್ಣ ಬಾಟ್ಲಿ ಸಿಗುತ್ತೆ, ಇಯರ್ ಬಡ್ಡಿಗೆ ಅದ್ದಿ ಪಿನ್ನುಗಳನ್ನ ಒರೆಸಿ. ಬಡ್ಡು ಕಪ್ಪಗಾಗುತ್ತೆ. ಇನ್ನೊಂದು ಬಡ್ಡು ತಗೊಳ್ಳಿ, ಅದೂ ಕಪ್ಪು. ಹೀಗೇ ಒರೆಸ್ತಾ ಹೋದ್ರೆ ಅಡಿಯಿಂದ ಹೊಳಪು ಕಾಣುತ್ತೆ. ಆಟಕ್ಕಿಂತ ಈ ಕೆಲಸದಲ್ಲೇ ನಿಮಗೆ ಹೆಚ್ಚು ಖುಷಿ, ಅಲ್ವಾ? (ಮನೇಲಿ ಫ್ಯಾನು ಒರೆಸಿ ಎಷ್ಟು ದಿನ ಆಯ್ತು ಅಂತ ನಾನು ಕೇಳಲ್ಲ. ಕೇಳೋರು ಬೇರೆ ಇದ್ದಾರೆ.)

ಇಲ್ಲಿಗೆ ನಿಲ್ಲಿಸಿದ್ರಾ? ಮುಂದಿನ ವಾರ ಅದೇ ಬಜಾರಲ್ಲಿ ಪ್ಲಾಸ್ಟಿಕ್ ಗನ್ನು ಸಿಕ್ತು. ಡಕ್ ಹಂಟ್! ಬಾತುಕೋಳಿ ಹಾರುತ್ತೆ, ಢಂ ಅಂತ ಹೊಡೀತೀರಿ, ತಪ್ಪಿದ್ರೆ ಹುಲ್ಲಿನ ಹಿಂದಿನಿಂದ ನಾಯಿ ಎದ್ದು ಕಿಸಕ್ಕಂತ ನಗುತ್ತೆ. ನೂರೈವತ್ತಕ್ಕೆ ಗಿಟ್ಟಿಸಿದ್ರಿ. ಮನೆಗೆ ಬಂದು ಐವತ್ತೈದು ಇಂಚಿನ ಎಲ್‌ಇಡಿ ಟಿವಿಗೆ ಗುರಿಯಿಟ್ರಿ. ನಾಯಿ ನಕ್ತು. ಹತ್ತಿರ ಹೋಗಿ ಪರದೆಗೇ ತಾಗಿಸಿ ಒತ್ತಿದ್ರಿ. ಮತ್ತೂ ನಕ್ತು.

ಯಾಕೆ ಹೇಳಿ? ಆ ಗನ್ನಿನಿಂದ ಏನೂ ಹೊರಗೆ ಹೋಗಲ್ಲ ಸ್ವಾಮಿ, ಅದರ ಮೂತಿಯಲ್ಲಿರೋದು ಬೆಳಕು ನೋಡೋ ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಮೂಡುತ್ತೆ. ಗನ್ನಿಗೆ ಆ ಬಿಳುಪು ಕಂಡರೆ ಹಕ್ಕಿ ಸತ್ತಂಗೆ. ಇದೆಲ್ಲ ಹಳೇ ಡಬ್ಬಾ ಟಿವಿಯ ಲೆಕ್ಕಾಚಾರಕ್ಕೆ ಕಟ್ಟಿದ್ದು. ಹೊಸ ಟಿವಿ ಚಿತ್ರ ತೋರಿಸೋದರಲ್ಲಿ ಒಂಚೂರು ತಡ, ಅಷ್ಟರಲ್ಲಿ ಗನ್ನು ಕಣ್ಣು ಮುಚ್ಚಿರುತ್ತೆ.

ಅಲ್ಲಿಂದ ಶುರುವಾಯ್ತು ನೋಡಿ ಡಬ್ಬಾ ಟಿವಿ ಬೇಟೆ. ಹೊಸ ಟಿವಿ ಬಂದ ದಿನ ಹಳೇದನ್ನ ನೀವೇ ಗುಜರಿಯವನಿಗೆ ಕೊಟ್ಟಿದ್ರಿ (ಎತ್ಕೊಂಡು ಹೋದ್ರೆ ಸಾಕಪ್ಪಾ ಅಂತ). ಈಗ ಅಂಥದ್ದೇ ಟಿವಿಗೆ ಸಾವಿರದೈನೂರು ಕೊಟ್ಟು, ಆಟೋದಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಬಂದ್ರಿ. ಆಟೋ ಚಾರ್ಜು ಬೇರೆ. ಆಮೇಲೆ ಕೇಬಲ್ಲು, ಅಡಾಪ್ಟರು. ಕೇಳಿದೋರಿಗೆಲ್ಲ ನೀವು ಹೇಳೋ ಲೆಕ್ಕ ಮಾತ್ರ ಒಂದೇ: 'ಗನ್ನು ಬರೀ ನೂರೈವತ್ತು!'

ಒಂದು ಒಳಗುಟ್ಟು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಡಕ್ ಹಂಟಲ್ಲಿ ಒಂದೇ ಬಾತುಕೋಳಿಯ ಆಟ ಇದೆಯಲ್ಲ, ಅದರಲ್ಲಿ ಇನ್ನೊಬ್ಬರು ಮಾಮೂಲಿ ಕಂಟ್ರೋಲರ್ ಹಿಡಿದು ಹಕ್ಕೀನ ತಮಗೆ ಬೇಕಾದ ಕಡೆ ಹಾರಿಸಬಹುದು. ನಿಮ್ಮ ಮಗಳಿಗೆ ಇದು ಗೊತ್ತಾದ ದಿನ ನಿಮ್ಮ ಮಾನ ಹೋಯ್ತು ಅಂತಲೇ ತಿಳ್ಕೊಳ್ಳಿ.

ಡಿಸ್ಕಿನ ಕಡೆ ಬರೋಣ. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟಲ್ಲಿ ನೀವು ನಡೆಯೋ ನಡಿಗೆಯೇ ಬೇರೆ. ಕಿರಿದಾದ ಓಣಿ, ಎರಡೂ ಕಡೆ 'ಬನ್ನಿ ಬಾಸ್, ಏನ್ ಬೇಕು ಬಾಸ್'. ನೀವು ಯಾರಿಗೂ ಉತ್ತರ ಕೊಡಲ್ಲ, ಕಣ್ಣಷ್ಟೇ ಓಡಾಡುತ್ತೆ. ಮೊದಲನೇ ಪ್ಲೇಸ್ಟೇಷನ್ನಿನ ಅಸಲಿ ಡಿಸ್ಕಿನ ಅಡಿ ಕಪ್ಪಗಿರುತ್ತೆ. ನಮ್ಮಲ್ಲಿ ಓಡಾಡಿದ್ದು ಬಹಳಷ್ಟು ಕಾಪಿ, ಅಡಿ ಬೆಳ್ಳಿ ಇಲ್ಲಾ ಹಸಿರು. ನೂರು ಡಿಸ್ಕಿನ ಕಟ್ಟಲ್ಲಿ ಒಂದೇ ಒಂದು ಕಪ್ಪು ಅಂಚು ಇಣುಕಿದ್ರೆ ಸಾಕು, ನಿಮ್ಮ ಕಿವಿ ಕೆಂಪಾಗುತ್ತೆ.

ಮೊಬೈಲ್ ಟಾರ್ಚ್ ಹಾಕಿ ಡಿಸ್ಕಿನ ಅಡಿ ನೋಡ್ತೀರಿ, ಗೀರು ಎಣಿಸ್ತೀರಿ. ಒಳ್ಳೇದು. ಆದ್ರೆ ಮೇಲ್ಭಾಗ ನೋಡಿದ್ರಾ, ಚಿತ್ರ ಇರೋ ಕಡೆ? ಸಿಡಿಯಲ್ಲಿ ಅಸಲು ಮಾಲು ಇರೋದು ಆ ಚಿತ್ರದ ಚರ್ಮದ ಕೆಳಗೇ. ಅಡಿಯ ಗೀರು ಪಾಲಿಶಲ್ಲಿ ಹೋಗುತ್ತೆ, ಮೇಲಿನ ಗೀರು ಹೋಗಲ್ಲ. ಈ ವಿಷಯ ಅಂಗಡಿಯವನಿಗೂ ಗೊತ್ತು, ಅದಕ್ಕೇ ನಿಮ್ಮ ಕೈಗೆ ಅಡಿ ಮೇಲೆ ಮಾಡಿ ಕೊಡ್ತಾನೆ.

ಪಿಎಸ್ 2 ಇದೆಯಾ ನಿಮ್ಮಲ್ಲಿ? ಇರಲೇಬೇಕು, ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಪೆಟ್ಟಿಗೆ ಅದು. ಹಾಗಿದ್ರೆ ಹುಡುಕಬೇಕಾದ ಮಾಲು ಹೇಳ್ತೀನಿ. 2009ರಲ್ಲಿ ಹೈದರಾಬಾದಿನೋರು ಹನುಮಾನ್: ಬಾಯ್ ವಾರಿಯರ್ ಮಾಡಿದ್ರು. ಅದೇ ವರ್ಷ ದೇಸಿ ಅಡ್ಡಾ ಬಂತು: ಕಬಡ್ಡಿ, ಗಾಳಿಪಟ, ಚಿನ್ನಿದಾಂಡು! ಸೋಫಾದಲ್ಲಿ ಒರಗಿ, ಪಕ್ಕದಲ್ಲಿ ಕೋಡುಬಳೆ ಇಟ್ಕೊಂಡು, ಹೆಬ್ಬೆರಳಲ್ಲಿ ಚಿನ್ನಿದಾಂಡು ಆಡೋ ನಿಮ್ಮ ಭಂಗಿ ನೋಡಿದ್ರೆ ನಿಮ್ಮಜ್ಜ ಏನಂತಿದ್ರೋ. ಪಿಎಸ್ 4 ಕಾಲಿಟ್ಟ 2013ರಲ್ಲಿ ಕೂಡ ನಮ್ಮ ದೇಶದಲ್ಲಿ ಪಿಎಸ್ 2ಕ್ಕೆ ಡಾನ್ 2 ಆಟ ಹೊರಬಂತು. ಇವ್ಯಾವೂ ಅಂಥ ಮಹಾ ಆಟಗಳೇನಲ್ಲ. ಆದ್ರೆ ಚೆನ್ನಾಗಿಲ್ಲ ಅಂದ ತಕ್ಷಣ ನೀವು ಬಿಡ್ತೀರಾ? 'ರೇರ್ ಪೀಸು ಗುರೂ' ಅಂತೀರಿ.

ಫಿಫಾದ ವಿಷಯ ಬೇಡ. ಹಳೇ ಫಿಫಾ ಡಿಸ್ಕು ಅಂದ್ರೆ ಹೋದ ವರ್ಷದ ಪಂಚಾಂಗ, ಜಗತ್ತಿನ ಯಾವ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋದ್ರೂ ಮೊಣಕಾಲೆತ್ತರ ಬಿದ್ದಿರುತ್ತೆ. ಆದ್ರೂ 'ಐವತ್ತು ರೂಪಾಯಿ ತಾನೇ' ಅಂತ ತಂದಿಟ್ಟಿದ್ದೀರಿ, 11, 12, 14. (13 ಎಲ್ಲಿ ಅಂತ ಕೇಳಿದ್ರೆ ಸಾಕು, ನಾಳೆಯಿಂದ ಅದನ್ನೂ ಹುಡುಕ್ತೀರಿ. ಕೇಳಿಬಿಟ್ಟೆನಲ್ಲ, ಛೆ.) ಇಎ ಕಂಪನಿಯ ಕ್ರಿಕೆಟ್ 07 ಮಾತ್ರ ಈ ಶಾಪದಿಂದ ಪಾರಾಗಿದೆ. ಆಮೇಲೆ ಅವರು ಕ್ರಿಕೆಟ್ಟೇ ಮಾಡ್ಲಿಲ್ಲ. ನಮ್ಮ ಹುಡುಗರು ಅದೇ ಆಟಕ್ಕೆ ಹೊಸ ಜರ್ಸಿ, ಹೊಸ ಟೀಮು ತುರುಕಿ ಇವತ್ತಿಗೂ ಐಪಿಎಲ್ ನಡೆಸ್ತಿದ್ದಾರೆ.

ಈಗ ಎದೆ ಮುಟ್ಕೊಂಡು ಹೇಳಿ, ತಂದಿದ್ದರಲ್ಲಿ ಆಡಿದ್ದೆಷ್ಟು? ಕಾಂಟ್ರಾ ಹಾಕಿದ್ರಿ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹೆಂಡತಿ ಹುಟ್ಟುಹಬ್ಬ ಮರೆತರೂ ಇದು ಮರೆತಿಲ್ಲ. ಮೂವತ್ತು ಜೀವ ಸಿಕ್ತು. ಆ ಮಂತ್ರ ಕಟ್ಟಿದೋರು ಕೊನಾಮಿಯ ಕಜುಹಿಸಾ ಹಶಿಮೊಟೊ. ಗ್ರೇಡಿಯಸ್ ಅನ್ನೋ ಆಟಾನ ಪರೀಕ್ಷೆ ಮಾಡುವಾಗ ತಮಗೇ ಆಡೋಕೆ ಕಷ್ಟ ಆಯ್ತು ಅಂತ ಸೇರಿಸಿದ್ರು. ನೀವು ಆ ಮೂವತ್ತೂ ಜೀವ ಜಲಪಾತದ ಲೆವೆಲ್ಲಲ್ಲಿ ಕಳ್ಕೊಂಡು, 'ಕಂಟ್ರೋಲರ್ ಬಟನ್ನು ಲೂಸು' ಅಂದ್ರಿ. ಅದೇ ಲೂಸು ಕಂಟ್ರೋಲರಲ್ಲಿ ಮಗಳು ದಾಟಿದ್ಲು. ಟಿವಿ ಆಫ್. ಮೊಬೈಲ್ ತೆಗೆದು ಓಎಲ್‌ಎಕ್ಸ್ ಓಪನ್.

ಅಲ್ಲಿ ನಿಮ್ಮ ನಿಜವಾದ ಆಟ ಶುರು. 'ಅವೈಲಬಲ್?' 'ಎಸ್.' 'ಲಾಸ್ಟ್ ಪ್ರೈಸ್?' 'ಹಾಕಿದೀನಲ್ಲ ಬ್ರೋ.' 'ಎಕ್ಸ್‌ಚೇಂಜ್ ಮಾಡ್ತೀರಾ, ನನ್ ಹತ್ರ ಫಿಫಾ 12 ಇದೆ.' ಆ ಕಡೆ ಮೌನ. ಇದರಲ್ಲಿ ಮಾತ್ರ ನಿಮಗೆ ಮೂವತ್ತಲ್ಲ, ಮುನ್ನೂರು ಜೀವ. ರಾತ್ರಿ ಹನ್ನೊಂದಾದ್ರೂ ಹೆಬ್ಬೆರಳು ನೋಯಲ್ಲ.

'ರೀ, ಇನ್ನೂ ಎಷ್ಟು ತರ್ತೀರಾ ಈ ಡಬ್ಬ?' ಅಂದಾಗ ನಿಮ್ಮ ಉತ್ತರ ರೆಡಿ ಇರುತ್ತೆ. 2021ರಲ್ಲಿ ಸೀಲು ಒಡೆಯದ ಸೂಪರ್ ಮಾರಿಯೋ ಬ್ರದರ್ಸ್ ಕ್ಯಾಸೆಟ್ಟೊಂದು ಅಮೆರಿಕದಲ್ಲಿ 20 ಲಕ್ಷ ಡಾಲರಿಗೆ ಹೋಯ್ತು ಕಣೇ! ಸರಿ. ನಿಮ್ಮದರ ಸೀಲು ಎಲ್ಲಿ? ಸೀಲು ಬಿಡಿ, ನಿಮ್ಮದರ ಹಿಂದಿನ ಮುಚ್ಚಳವೇ ಇಲ್ಲ, ಚಿಪ್ಪು ಕಾಣುತ್ತೆ.

ಅದರ ಬದಲು ಬೇರೆ ಸತ್ಯ ಹೇಳ್ಬಹುದಿತ್ತು, ಅದು ಗಟ್ಟಿ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಅಲ್ಲಿ 2010ಕ್ಕೂ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಅಂಗಡಿಯಲ್ಲಿ ಹೊಸದಾಗಿ ಸಿಗಲ್ಲ. ಅದೇ ವರ್ಷ ಮಾರ್ಚಲ್ಲಿ ನಿಂಟೆಂಡೋ ತನ್ನ 3ಡಿಎಸ್, ವೀ ಯು ಆನ್‌ಲೈನ್ ಅಂಗಡಿಗಳ ಮಾರಾಟ ನಿಲ್ಲಿಸ್ತು. ಡೌನ್‌ಲೋಡ್ ಮಾಡಿದ ಆಟಾನ ಯಾರಿಗೂ ಮಾರೋಕಾಗಲ್ಲ, ಟಾರ್ಪಾಲಿನ ಮೇಲೆ ಅದು ಬರಲ್ಲ, ಅದಕ್ಕೆ ಚೌಕಾಸಿಯೂ ಇಲ್ಲ. ಚೌಕಾಸಿ ಇಲ್ಲದ ಆಟ ಕೊಂಡು ನೀವೇನು ಮಾಡ್ತೀರಿ ಪಾಪ?

ಏನಂದ್ರಿ? ಆ ಕಪ್ಪು ಅಡಿಯ ಡಿಸ್ಕು ಯಾವ ಅಂಗಡಿಯಲ್ಲಿ ಅಂತಲಾ? ಮಾರ್ಕೆಟ್ಟಿನ ಹೆಸರು ಹೇಳಿದ್ದೇ ಹೆಚ್ಚಾಯ್ತು. ಅಂಗಡಿ ಹೇಳಿದ್ರೆ ನಾಳೆ ನೀವೆಲ್ಲ ಹೋಗಿ ನಿಲ್ತೀರಿ, ಅವನು ರೇಟು ಏರಿಸ್ತಾನೆ. ಅಲ್ಲಿ ಒಂದು ಕಟ್ಟನ್ನ ನಾನು ಅರ್ಧ ನೋಡಿ ಇಟ್ಟಿದ್ದೀನಿ ಬೇರೆ. ನೀವು ಎಸ್‌ಪಿ ರೋಡ್ ಕಡೆ ಹೋಗಿ, ಅಲ್ಲಿ ತುಂಬಾ ಚೀಪು.