ಗ್ರೀಸ್ ಮಾವ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬ ಗ್ರೀಸ್ ಮಾವ ಇರುತ್ತಾರೆ. ರಿಟೈರಾಗಿ ವರ್ಷಗಳಾಗಿವೆ. ತೂತು ಬಿದ್ದ ಬನಿಯನ್ನು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಜಗಲಿಯ ಮೂಲೆಯಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ನಟ್ಟು-ಬೋಲ್ಟು. ಪಾನಾ ಕಡ ಕೇಳಿದರೆ ಕೊಡುವುದಿಲ್ಲ, ಪಾನಾ ಹಿಡಿದು ತಾವೇ ಬರುತ್ತಾರೆ.

ಈ ಲೇಖಕ ಒಂದು ಭಾನುವಾರ ಬೆಳಗ್ಗೆ ಎಂಟೂವರೆಗೆ ಸೈಕಲ್ ತಳ್ಳಿಕೊಂಡು ಹೋದದ್ದು ಗಾಳಿ ಪಂಪಿಗಾಗಿ. ಮಾವನ ಕಣ್ಣು ಟೈರನ್ನು ಬಿಟ್ಟು ಪೆಡಲಿನ ಮೇಲೆ ಬಿತ್ತು.

“ಇದನ್ನ ಹಾಕಿದವನು ಥ್ರೆಡ್ಡಿಗೆ ಗ್ರೀಸ್ ಹಚ್ಚಿದ್ನೇನಯ್ಯಾ?”

ಹಾಕಿದವನು ಲೇಖಕನೇ. ಹಚ್ಚಿರಲಿಲ್ಲ. 15 ಎಂಎಂ ಪಾನಾ ಹೊರಬಂತು. ಪೌರುಷ ತೋರಿಸಲು ಲೇಖಕ ಅದನ್ನು ಎಡಗಡೆ ಪೆಡಲಿಗೆ ಸಿಕ್ಕಿಸಿ, ಲೋಕದ ಎಲ್ಲ ನಟ್ಟುಗಳನ್ನೂ ಬಿಚ್ಚುವ ದಿಕ್ಕಿಗೇ ಒತ್ತಿ, ಕೊನೆಗೆ ಅದರ ಮೇಲೆ ಹತ್ತಿಯೇ ನಿಂತ.

“ಬಿಚ್ತಾ ಇಲ್ಲ ಕಣಯ್ಯಾ, ಬಿಗಿ ಮಾಡ್ತಾ ಇದೀಯ,” ಎಂದರು ಮಾವ, ಕಾಫಿ ಲೋಟ ಕೆಳಗಿಡದೆ.

ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ. ಯಾಕೆ ಎಂದು ಕೇಳಿದ್ದು ಲೇಖಕನ ಎರಡನೇ ತಪ್ಪು. ಒರಳಲ್ಲಿ ಗುಂಡುಕಲ್ಲು ಒಂದು ಕಡೆ ಸುತ್ತು ಹಾಕುತ್ತಾ ತಾನು ಇನ್ನೊಂದು ಕಡೆಗೆ ಉರುಳುತ್ತದಲ್ಲ, ತುಳಿಯುವಾಗ ಪೆಡಲಿನ ಆಕ್ಸಲ್ಲೂ ತನ್ನ ತೂತಿನಲ್ಲಿ ಕಣ್ಣಿಗೆ ಕಾಣದಷ್ಟು ಹಾಗೇ ಉರುಳುತ್ತದಂತೆ. ಎರಡು ಕಡೆಗೂ ಒಂದೇ ಥ್ರೆಡ್ಡು ಇಟ್ಟರೆ ಎಡಗಡೆಯದು ದಾರಿಯಲ್ಲೇ ಕಳಚಿಕೊಳ್ಳುತ್ತದೆ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸುವ ಮೊದಲೇ, 1900ರಲ್ಲಿ, ಡೇಟನ್ನಿನ ತಮ್ಮ ಸೈಕಲ್ ಅಂಗಡಿಯಲ್ಲಿ ಕಳಚದ ಪೆಡಲ್ ಎಂದು ಇದನ್ನೇ ಮಾರುತ್ತಿದ್ದರು. ಮಾವನ ದೃಷ್ಟಿಯಲ್ಲಿ ಅವರು ಆಮೇಲೆ ದಾರಿ ತಪ್ಪಿದರು.

ಗ್ರೀಸಿಲ್ಲದೆ ಅಲ್ಯೂಮಿನಿಯಂ ಕ್ರ್ಯಾಂಕೂ ಉಕ್ಕಿನ ಆಕ್ಸಲ್ಲೂ ಮಳೆನೀರಲ್ಲಿ ನೆನೆದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಬಲ ಹಾಕಿ ಬಿಚ್ಚಿದರೆ ಮೆತ್ತನೆಯ ಕ್ರ್ಯಾಂಕಿನ ಥ್ರೆಡ್ಡು ಕಿತ್ತುಕೊಂಡೇ ಬರುತ್ತದೆ. ಮಾವ ಹೇಗೋ ಕಿತ್ತರು. ಹಳೇ ಪಂಚೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಥ್ರೆಡ್ಡಿನ ಸಂದುಸಂದು ಒರೆಸಿದರು. ಕಿರುಬೆರಳಲ್ಲಿ ಗ್ರೀಸ್ ತೆಗೆದು, ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಸವರಿದರು. ಮೊದಲ ಮೂರು ನಾಲ್ಕು ಸುತ್ತು ಬರೀ ಬೆರಳಲ್ಲಿ. ಅಲ್ಲೇ ಬಿಗಿ ಬಂದರೆ ಓರೆಯಾಗಿ ಕೂತಿದೆ ಎಂದರ್ಥ, ಪಾನಾ ಮುಟ್ಟಲೇಬಾರದು. ನೆಟ್ಟಗೆ ಕೂತರೆ ಮಾತ್ರ ಪಾನಾ, ಎರಡೂ ಕಡೆ ಮುಂದಿನ ಚಕ್ರದ ಕಡೆಗೇ. ಅಷ್ಟರಲ್ಲಿ ಲೇಖಕನ ಬಿಳಿ ಅಂಗಿಯ ಮೇಲೆ ಮಾವನ ಐದೂ ಬೆರಳು ಮೂಡಿದ್ದವು.

ಅವರ ಹಳೇ ಹರ್ಕ್ಯುಲಿಸ್ ಗೋಡೆಗೊರಗಿ ನಿಂತಿದೆ. ಮಂಡಿ ಆಪರೇಷನ್ ಆದ ಮೇಲೆ ಹತ್ತಿಲ್ಲ. ಆದರೂ ವರ್ಷಾವರ್ಷ ಆಯುಧಪೂಜೆಗೆ ಎರಡೂ ಪೆಡಲ್ ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಕೂಡಿಸಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈಯಲ್ಲೇ ತಿರುಗಿಸುತ್ತಾರೆ. ಹಿಂದಿನ ಚಕ್ರ ಟಿಕ್ ಟಿಕ್ ಎನ್ನುತ್ತಾ ನಿಲ್ಲುವ ತನಕ ಯಾರ ಜತೆಗೂ ಮಾತಿಲ್ಲ.

ಹನ್ನೊಂದೂವರೆಗೆ ಲೇಖಕ ಧೈರ್ಯ ಮಾಡಿ ಪಂಪು ಕೇಳಿದ.

“ಅದರ ವಾಷರ್ ಹೋಗಿ ಎರಡು ವರ್ಷ ಆಯ್ತಲ್ಲಯ್ಯಾ. ಕೂತ್ಕೋ, ಇವತ್ತು ಬಿಚ್ಚಿಯೇ ಬಿಡೋಣ.”